ಬಿದರಿ ಆಭರಣ ಹಾಗೂ ಲೋಹ ಕುಸುರಿ ಕಲೆ: ಕುಶಲಕರ್ಮಿಗಳಿಗೆ ಮತ್ತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಬೀದರ್ ನಗರದ ಹೆಸರನ್ನೇ ಹೊತ್ತಿರುವ ಬಿದರಿ ಕಲೆಯು ಕರ್ನಾಟಕದ ಕರಕುಶಲ ಪರಂಪರೆಯಲ್ಲಿ ವಿಶಿಷ್ಟವಾದ ಸ್ಥಾನವನ್ನು ಪಡೆದಿದೆ. ಕಪ್ಪು ಲೋಹದ ಮೈಯಲ್ಲಿ ಬೆಳ್ಳಿಯ ತಂತಿ ಹಾಗೂ ತಗಡನ್ನು ಕೈಯಿಂದಲೇ ಹುದುಗಿಸಿ ಚಿತ್ತಾರ ಮೂಡಿಸುವುದು ಈ ಕಲೆಯ ಮುಖ್ಯ ಲಕ್ಷಣವಾಗಿದೆ. ಹಿಂದೆ ಹುಕ್ಕಾ ಬುರುಡೆ, ಹೂಜಿ, ಎಲೆಯಡಿಕೆ ಪೆಟ್ಟಿಗೆ ಮೊದಲಾದ ಅರಮನೆ ಬಳಕೆಯ ವಸ್ತುಗಳಿಗೆ ಸೀಮಿತವಾಗಿದ್ದ ಈ ಕುಸುರಿ ಇಂದು ಪದಕ, ಕಿವಿಯೋಲೆ, ಬಳೆ, ಉಂಗುರ ಹಾಗೂ ಅಂಗಿ ಗುಂಡಿಗಳ ರೂಪದಲ್ಲಿಯೂ ಜನರ ಕೈ ಸೇರುತ್ತಿದೆ.

ಈ ಕಸುಬಿನಲ್ಲಿ ತೊಡಗಿರುವವರು ಕುಶಲಕರ್ಮಿ ಗುರುತಿನ ಚೀಟಿ, ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರ ನೋಂದಣಿ, ವಿನ್ಯಾಸ ನೋಂದಣಿ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವಾಗ ತಮ್ಮ ಕೆಲಸವನ್ನು ಸರಿಯಾಗಿ ವಿವರಿಸಬೇಕಾಗುತ್ತದೆ. ಕಲೆಯ ಯಾವ ಅಂಶ ಇಡೀ ಸಮುದಾಯಕ್ಕೆ ಸೇರಿದ್ದು, ಯಾವ ಅಂಶ ಅದನ್ನು ರೂಪಿಸಿದ ಕಲಾವಿದನಿಗೆ ಮಾತ್ರ ಸೇರಿದ್ದು ಎಂಬ ವ್ಯತ್ಯಾಸವನ್ನು ತಿಳಿಯದೆ ಹಲವರು ತಮಗೆ ದೊರೆಯಬಹುದಾದ ರಕ್ಷಣೆಯನ್ನು ಕಳೆದುಕೊಳ್ಳುವ ಸಂಭವವಿದೆ. ಆದ್ದರಿಂದ ಕಲೆಯ ಹಿನ್ನೆಲೆ, ತಯಾರಿಕೆಯ ಹಂತಗಳು, ವಿನ್ಯಾಸದ ಮೂಲಗಳು ಹಾಗೂ ಅರ್ಜಿದಾರರು ಗಮನಿಸಬೇಕಾದ ವಿಷಯಗಳನ್ನು ಇಲ್ಲಿ ಕ್ರಮವಾಗಿ ನೀಡಲಾಗಿದೆ.

ಐತಿಹಾಸಿಕ ಹಿನ್ನೆಲೆ

15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸ್ಥಳಾಂತರಿಸಿದನು. ಆ ಕಾಲದಲ್ಲಿ ಇರಾನಿನಿಂದ ಬಂದ ಕುಶಲಕರ್ಮಿಗಳು ಲೋಹದಲ್ಲಿ ಲೋಹವನ್ನು ಹುದುಗಿಸುವ ವಿದ್ಯೆಯನ್ನು ಇಲ್ಲಿಗೆ ತಂದರೆಂದೂ, ಸ್ಥಳೀಯ ಕಸುಬುದಾರರು ಅದನ್ನು ತಮ್ಮದಾಗಿಸಿಕೊಂಡರೆಂದೂ ಪರಂಪರೆಯ ಹೇಳಿಕೆಯಿದೆ. ವಸ್ತುಸಂಗ್ರಹಾಲಯಗಳಲ್ಲಿ ಇಂದು ಕಾಣಸಿಗುವ ಹಳೆಯ ಬಿದರಿ ವಸ್ತುಗಳಲ್ಲಿ ಹೆಚ್ಚಿನವು 17ನೇ ಶತಮಾನ ಹಾಗೂ ಅದರ ನಂತರದ ಕಾಲಕ್ಕೆ ಸೇರಿದವು.

ಬಹಮನಿಗಳ ನಂತರ ಬರೀದ್ ಷಾಹಿಗಳು, ಮೊಘಲರು ಹಾಗೂ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿಯೂ ಈ ಕಲೆ ಮುಂದುವರಿಯಿತು. ಲಕ್ನೋ, ಪೂರ್ಣಿಯಾ, ಮುರ್ಷಿದಾಬಾದ್ ಮುಂತಾದ ಕಡೆಗಳಿಗೂ ಹಬ್ಬಿತು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನದಲ್ಲಿ ಬಿದರಿ ವಸ್ತುಗಳನ್ನು ಇಡಲಾಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ್ ಜಿಲ್ಲೆಯು ಹೈದರಾಬಾದ್ ರಾಜ್ಯಕ್ಕೆ ಸೇರಿತ್ತಾದ್ದರಿಂದ ಹೈದರಾಬಾದ್ ನಗರದಲ್ಲಿಯೂ ಬಿದರಿ ಕಾರ್ಯಾಗಾರಗಳು ಬೆಳೆದುಬಂದವು.

ಬೀದರಿನ ಬಿದರಿ ಕಲಾವಿದರಾದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿರುವುದು ಈ ಕಸುಬಿಗೆ ದೊರೆತ ಮಹತ್ವದ ಮನ್ನಣೆಯಾಗಿದೆ.

ಮೂಲ ಲೋಹ ಹಾಗೂ ಸಾಮಗ್ರಿಗಳು

ಬಿದರಿ ಲೋಹವು ಸತು ಮತ್ತು ತಾಮ್ರಗಳ ಮಿಶ್ರಣವಾಗಿದೆ. ಸಾಮಾನ್ಯವಾಗಿ 16 ಭಾಗ ಸತುವಿಗೆ 1 ಭಾಗ ತಾಮ್ರವನ್ನು ಬೆರೆಸುವುದು ರೂಢಿ. ಈ ಲೆಕ್ಕದಲ್ಲಿ 1 ಕಿಲೋಗ್ರಾಂ ಮಿಶ್ರಲೋಹದಲ್ಲಿ ಸುಮಾರು 941 ಗ್ರಾಂ ಸತುವೂ 59 ಗ್ರಾಂ ತಾಮ್ರವೂ ಇರುತ್ತದೆ. ತಾಮ್ರದ ಪಾಲು ಅಲ್ಪವಾದರೂ ಅದರ ಪಾತ್ರ ದೊಡ್ಡದು. ಕೊನೆಯ ಹಂತದಲ್ಲಿ ಲೋಹಕ್ಕೆ ಕಪ್ಪು ಬಣ್ಣ ಬರುವುದು ಈ ತಾಮ್ರದಿಂದಲೇ. ಶುದ್ಧ ಸತುವಿನ ಮೇಲೆ ಅಂತಹ ಗಾಢ ಕಪ್ಪು ಮೂಡುವುದಿಲ್ಲ.

ಹುದುಗಿಸಲು ಬಳಸುವ ಬೆಳ್ಳಿಯು ಶುದ್ಧವಾಗಿರಬೇಕು. ಶುದ್ಧ ಬೆಳ್ಳಿ ಮೃದುವಾಗಿರುವುದರಿಂದ ಸುತ್ತಿಗೆಯ ಲಘು ಪೆಟ್ಟಿಗೆ ಹರಡಿ ಕೊರೆದ ಗಾಡಿಯನ್ನು ಪೂರ್ತಿಯಾಗಿ ತುಂಬುತ್ತದೆ. ಇವುಗಳಲ್ಲದೆ ಅಚ್ಚಿಗೆ ಮಣ್ಣು, ಹರಳೆಣ್ಣೆ ಹಾಗೂ ರಾಳ. ರೇಖೆ ಬರೆಯುವ ಹಂತದಲ್ಲಿ ಮೈಲುತುತ್ತ. ಬಣ್ಣ ಕೊಡುವ ಹಂತದಲ್ಲಿ ನವಸಾಗರ ಮತ್ತು ಬೀದರ್ ಕೋಟೆಯ ಹಳೆಯ ಮಣ್ಣು ಬೇಕಾಗುತ್ತವೆ.

ತಯಾರಿಕೆಯ ಹಂತಗಳು

1. ಎರಕ ಹೊಯ್ಯುವುದು: ಮಣ್ಣಿಗೆ ಹರಳೆಣ್ಣೆ ಮತ್ತು ರಾಳವನ್ನು ಕಲಸಿ ಅಚ್ಚು ಸಿದ್ಧಪಡಿಸಲಾಗುತ್ತದೆ. ಮೂಸೆಯಲ್ಲಿ ಕರಗಿಸಿದ ಮಿಶ್ರಲೋಹವನ್ನು ಅದರೊಳಗೆ ಹೊಯ್ದು ವಸ್ತುವಿನ ಆಕಾರವನ್ನು ಪಡೆಯಲಾಗುತ್ತದೆ.

2. ಅರದಿಂದ ನಯಗೊಳಿಸುವುದು: ಎರಕದಿಂದ ಹೊರಬಂದ ವಸ್ತುವಿನ ಮೈ ಒರಟಾಗಿರುತ್ತದೆ. ಅದನ್ನು ಅರ ಹಾಗೂ ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಲಾಗುತ್ತದೆ.

3. ತಾತ್ಕಾಲಿಕ ಕಪ್ಪು ಕೊಡುವುದು: ಮೈಲುತುತ್ತದ ದ್ರಾವಣವನ್ನು ಸವರಿದಾಗ ಬೂದು ಬಣ್ಣದ ಲೋಹ ಕಪ್ಪಾಗುತ್ತದೆ. ಇದು ಕೊನೆಯ ಬಣ್ಣವಲ್ಲ. ಬರೆಯುವ ಗೆರೆ ಕಣ್ಣಿಗೆ ಎದ್ದು ಕಾಣಲೆಂದು ಮಾಡುವ ಏರ್ಪಾಡು ಮಾತ್ರ.

4. ರೇಖಾಚಿತ್ರ ಬರೆಯುವುದು: ಮೊನಚಾದ ಉಕ್ಕಿನ ಕಡ್ಡಿಯಿಂದ ಚಿತ್ತಾರವನ್ನು ಬರಿಗೈಯಲ್ಲಿ ಗೀರಲಾಗುತ್ತದೆ. ನುರಿತ ಕಲಾವಿದರು ಅಳತೆಪಟ್ಟಿಯಿಲ್ಲದೆಯೇ ಬಳ್ಳಿಯ ಸುರುಳಿಗಳನ್ನು ಸಮವಾಗಿ ಎಳೆಯುತ್ತಾರೆ.

5. ಕೊರೆಯುವುದು: ವಸ್ತು ಅಲುಗಾಡದಂತೆ ಅದನ್ನು ಮೇಣದಿಂದ ಗಟ್ಟಿಯಾಗಿ ಕೂರಿಸಿ, ಗೆರೆಗಳನ್ನು ಸಣ್ಣ ಉಳಿಗಳಿಂದ ಕೊರೆಯಲಾಗುತ್ತದೆ. ಗಾಡಿಯ ಆಳ ಎಲ್ಲೆಡೆ ಒಂದೇ ಆಗಿರಬೇಕು. ಹೆಚ್ಚು ಆಳವಾದರೆ ಬೆಳ್ಳಿ ವ್ಯರ್ಥವಾಗುತ್ತದೆ, ಕಡಿಮೆಯಾದರೆ ತಂತಿ ನಿಲ್ಲುವುದಿಲ್ಲ.

6. ಬೆಳ್ಳಿ ಹುದುಗಿಸುವುದು: ತಂತಿಯನ್ನು ಅಥವಾ ಆಕಾರಕ್ಕೆ ಕತ್ತರಿಸಿದ ತಗಡನ್ನು ಗಾಡಿಯಲ್ಲಿಟ್ಟು ಸುತ್ತಿಗೆಯಿಂದ ಮೆಲ್ಲನೆ ಬಡಿದು ಕೂರಿಸಲಾಗುತ್ತದೆ. ಇಲ್ಲಿ ಅಂಟನ್ನಾಗಲೀ ಬೆಸುಗೆಯನ್ನಾಗಲೀ ಬಳಸುವುದಿಲ್ಲ. ಗಾಡಿಯ ಅಂಚುಗಳೇ ಬೆಳ್ಳಿಯನ್ನು ಹಿಡಿದಿಟ್ಟುಕೊಳ್ಳುತ್ತವೆ.

7. ಉಜ್ಜಿ ಹೊಳಪು ಕೊಡುವುದು: ಮೇಲೆದ್ದ ಬೆಳ್ಳಿಯನ್ನು ಉಜ್ಜಿ ಲೋಹದ ಮೈಗೆ ಸಮ ಮಾಡಲಾಗುತ್ತದೆ. ಮೈಲುತುತ್ತದ ಕಪ್ಪು ಈ ಹಂತದಲ್ಲಿ ಹೊರಟುಹೋಗಿ, ಬೂದು ಲೋಹದಲ್ಲಿ ಬೆಳ್ಳಿಯ ಚಿತ್ತಾರ ಕಾಣಿಸಿಯೂ ಕಾಣಿಸದಂತೆ ಮಸುಕಾಗುತ್ತದೆ.

8. ಕಪ್ಪು ಬಣ್ಣ ಬರಿಸುವುದು: ಕೋಟೆಯ ಮಣ್ಣು, ನವಸಾಗರ ಮತ್ತು ನೀರನ್ನು ಬೆರೆಸಿ, ಹದವಾಗಿ ಬಿಸಿ ಮಾಡಿದ ವಸ್ತುವಿಗೆ ಸವರಲಾಗುತ್ತದೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಕೊನೆಯಲ್ಲಿ ತೊಳೆದು ಒರೆಸಿ ಎಣ್ಣೆ ಸವರಿದಾಗ ಕಪ್ಪು ಗಾಢವಾಗುತ್ತದೆ.

ಕೋಟೆ ಮಣ್ಣಿನ ಮಹತ್ವ

ಎಂಟನೆಯ ಹಂತವೇ ಇಡೀ ಕೆಲಸದ ಪರೀಕ್ಷೆ. ನವಸಾಗರ ಹಾಗೂ ಮಣ್ಣಿನ ಲವಣಗಳು ಮೈಮೇಲಿನ ಸತುವನ್ನು ಕರಗಿಸುತ್ತವೆ. ಅಲ್ಲಿ ಉಳಿಯುವ ತಾಮ್ರದ ಅಂಶ ಆಕ್ಸೈಡ್ ರೂಪ ತಾಳಿ ತೆಳುವಾದ ಕಪ್ಪು ಪದರವಾಗುತ್ತದೆ. ಬೆಳ್ಳಿಯ ಮೇಲೆ ಈ ಕ್ರಿಯೆ ನಡೆಯುವುದಿಲ್ಲ. ಬಹುಕಾಲ ಬಿಸಿಲು ಮಳೆ ತಾಗದ ಕೋಟೆಯ ಹಳೆಯ ಭಾಗಗಳ ಮಣ್ಣು ಇದಕ್ಕೆ ಉತ್ತಮವೆಂದು ಕುಶಲಕರ್ಮಿಗಳು ಪರಿಗಣಿಸುತ್ತಾರೆ. ಪೆಟ್ಲುಪ್ಪಿನಂತಹ ನೈಟ್ರೇಟ್ ಲವಣಗಳು ಅದರಲ್ಲಿರುವುದೇ ಇದಕ್ಕೆ ಕಾರಣವೆನ್ನಲಾಗಿದೆ. ಹಿರಿಯ ಕಸುಬುದಾರರು ಮಣ್ಣನ್ನು ನಾಲಿಗೆಯ ತುದಿಗೆ ಹಚ್ಚಿ ರುಚಿಯಿಂದಲೇ ಅದರ ಗುಣವನ್ನು ಗುರುತಿಸುವ ರೂಢಿಯಿದೆ.

ಬೀದರ್ ಕೋಟೆಯು ಸಂರಕ್ಷಿತ ಸ್ಮಾರಕವಾಗಿರುವುದರಿಂದ ಅದರ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಕಾನೂನಿಗೆ ವಿರುದ್ಧವಾಗಿದೆ. ಹಳೆಯ ಮಣ್ಣು ಮುಗಿಯದ ನಿಧಿಯಲ್ಲ. ಅದನ್ನು ಮಿತವಾಗಿ ಬಳಸುವುದು ಮುಂದಿನ ತಲೆಮಾರಿನ ಹಿತದೃಷ್ಟಿಯಿಂದ ಅಗತ್ಯ.

ಹುದುಗಿಸುವಿಕೆಯ ಪ್ರಕಾರಗಳು

ಕೆಲಸದ ಕ್ರಮವನ್ನು ಅನುಸರಿಸಿ ಬಿದರಿಯಲ್ಲಿ ಹಲವು ಪ್ರಕಾರಗಳಿವೆ. ತಂತಿಯನ್ನು ಹುದುಗಿಸುವುದು ತಾರ್‌ಕಶಿ. ತಗಡಿನ ತುಂಡುಗಳನ್ನು ಮೈಗೆ ಸಮನಾಗಿ ಹುದುಗಿಸುವುದು ತೆಹ್‌ನಿಶಾನ್. ಚಿತ್ತಾರವು ಅಲ್ಪವಾಗಿ ಉಬ್ಬಿದ್ದರೆ ಜರ್‌ನಿಶಾನ್, ಎತ್ತರವಾಗಿ ಉಬ್ಬಿದ್ದರೆ ಜರ್‌ಬುಲಂದ್. ಬೆಳ್ಳಿಯ ತಗಡಿನಲ್ಲಿಯೇ ಹೂಬಳ್ಳಿಯನ್ನು ಕತ್ತರಿಸಿ ತೆಗೆದು, ಬೆಳ್ಳಿಯ ನೆಲದ ಮೇಲೆ ಕಪ್ಪು ಚಿತ್ತಾರ ಕಾಣುವಂತೆ ಮಾಡುವುದು ಅಫ್ತಾಬಿ. ಅರ್ಜಿಯಲ್ಲಿ ತಮ್ಮ ಪರಿಣತಿಯನ್ನು ನಮೂದಿಸುವಾಗ ಈ ಹೆಸರುಗಳನ್ನು ಬಳಸಿದಲ್ಲಿ ಕೆಲಸದ ಸ್ವರೂಪ ಪರಿಶೀಲನಾಧಿಕಾರಿಗಳಿಗೆ ಸ್ಪಷ್ಟವಾಗುತ್ತದೆ.

ವಿನ್ಯಾಸದ ಪ್ರೇರಣೆ

ಬಿದರಿ ಕಲಾವಿದರ ಕಣ್ಣಿಗೆ ಬೀದರ್ ನಗರವೇ ಮೊದಲ ಪಾಠಶಾಲೆ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಗಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಸೂಕ್ಷ್ಮ ಕೆಲಸವಿದೆ. 16ನೇ ಶತಮಾನದಲ್ಲಿ ಅಲಿ ಬರೀದ್ ಷಾನ ಕಾಲದಲ್ಲಿ ರೂಪುಗೊಂಡ ಈ ಮಹಲಿನ ಗೋಡೆಯ ಮುಂದೆ ನಿಂತವರಿಗೆ ಕಪ್ಪು ನೆಲದಲ್ಲಿ ಬಿಳಿಯ ಬಳ್ಳಿ ಹಬ್ಬುವ ಬಿದರಿಯ ನೆನಪಾಗದೆ ಇರದು. ಒಂದು ಕಲ್ಲು, ಇನ್ನೊಂದು ಲೋಹ. ಕಣ್ಣಿಗೆ ಕಾಣುವ ಸೊಗಸು ಒಂದೇ ಬಗೆಯದು.

1472ರಲ್ಲಿ ನಿರ್ಮಾಣವಾದ ಮಹಮೂದ್ ಗವಾನನ ಮದರಸಾದ ಮುಂಭಾಗದ ಬಣ್ಣದ ಹಂಚುಗಳ ಕೆಲಸ ಹಾಗೂ ಅಷ್ಟೂರಿನಲ್ಲಿರುವ ಅಹ್ಮದ್ ಷಾನ ಸಮಾಧಿಯ ಒಳಛಾವಣಿಯ ವರ್ಣಚಿತ್ರ ಮತ್ತು ಅಕ್ಷರ ವಿನ್ಯಾಸಗಳೂ ಕಲಾವಿದರಿಗೆ ಪ್ರೇರಣೆಯ ಆಕರಗಳಾಗಿವೆ. ಗಸಗಸೆ ಹೂವು, ನಾಣ್ಯದ ಆಕಾರದ ಅಶ್ರಫಿ ಬುಟ್ಟಾ, ನಕ್ಷತ್ರ, ಸುರುಳಿ ಬಳ್ಳಿ ಇವು ತಲೆಮಾರುಗಳಿಂದ ಬಂದ ಚಿತ್ತಾರಗಳು.

ಇಂದಿನ ಕಲಾವಿದರು ಇವುಗಳನ್ನೇ ಯಥಾವತ್ತಾಗಿ ನಕಲು ಮಾಡಬೇಕೆಂಬ ನಿಯಮವಿಲ್ಲ. ಒಂದು ಅಡಿ ಎತ್ತರದ ಹೂಜಿಯ ಸುತ್ತ ಹಬ್ಬುವ ಬಳ್ಳಿಯನ್ನು ಎರಡು ಬೆರಳಗಲದ ಪದಕದಲ್ಲಿ ತುಂಬಲು ಹೋದರೆ ತಂತಿಗಳು ಒಂದಕ್ಕೊಂದು ತಾಗಿ ಚಿತ್ರ ಕೆಡುತ್ತದೆ. ಆದ್ದರಿಂದ ಆಭರಣಕ್ಕೆ ಇಳಿದ ಕಲಾವಿದರು ಇಡೀ ಬಳ್ಳಿಯ ಬದಲು ಒಂದೇ ಎಲೆಯನ್ನು, ಹೂವಿನ ಗೊಂಚಲಿನ ಬದಲು ಒಂದೇ ಎಸಳನ್ನು ಆರಿಸಿಕೊಂಡು ಸುತ್ತಲೂ ಕಪ್ಪನ್ನು ಬರಿದಾಗಿ ಬಿಡುವುದುಂಟು. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬ ಈ ನಿರ್ಧಾರದಲ್ಲಿಯೇ ಕಲಾವಿದರ ಸ್ವಂತಿಕೆ ಅಡಗಿದೆ.

ಆಭರಣ ತಯಾರಿಕೆಯಲ್ಲಿನ ವಿಶೇಷ ಅಂಶಗಳು

ಚಿನ್ನ ಬೆಳ್ಳಿಯ ಒಡವೆ ಮಾಡುವ ಅಕ್ಕಸಾಲಿಗರ ಕ್ರಮಕ್ಕೂ ಬಿದರಿ ಆಭರಣದ ಕ್ರಮಕ್ಕೂ ವ್ಯತ್ಯಾಸಗಳಿವೆ.

ಮೊದಲನೆಯದಾಗಿ, ಬಿದರಿ ಲೋಹವು ಪೆಡಸು, ಬಗ್ಗಿಸಿದರೆ ಮುರಿಯುತ್ತದೆ. ಆದ್ದರಿಂದ ಬಳೆ, ಉಂಗುರಗಳನ್ನು ಪಟ್ಟಿಯಿಂದ ಬಾಗಿಸಿ ಮಾಡಲಾಗದು, ಆಕಾರಕ್ಕೆ ತಕ್ಕಂತೆ ಎರಕದಲ್ಲಿಯೇ ಪಡೆಯಬೇಕು. ಕಲ್ಲಿನ ನೆಲಕ್ಕೆ ಬಿದ್ದ ತೆಳುವಾದ ಓಲೆ ಸೀಳಿಹೋಗುವ ಸಾಧ್ಯತೆಯಿದೆ.

ಎರಡನೆಯದಾಗಿ, ಸತುವು ಸುಮಾರು 419 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ಬೆಳ್ಳಿ ಕೆಲಸದ ಗಟ್ಟಿ ಬೆಸುಗೆಗೆ ಇದಕ್ಕಿಂತ ಬಹಳ ಹೆಚ್ಚಿನ ಕಾವು ಬೇಕು. ಬೆಸೆಯಲು ಹೋದರೆ ಒಡವೆಯೇ ಕರಗಿಹೋಗುತ್ತದೆ. ಹೀಗಾಗಿ ಕೊಂಡಿಯನ್ನು ರಂಧ್ರದ ಮೂಲಕ ಪೋಣಿಸುವುದು, ಅಥವಾ ಬಿದರಿ ಬಿಲ್ಲೆಯನ್ನು ಬೆಳ್ಳಿಯ ಕಟ್ಟಿನಲ್ಲಿ ಕೂರಿಸುವುದು ಸೂಕ್ತ.

ಮೂರನೆಯದಾಗಿ, ತೂಕದ ಪ್ರಶ್ನೆಯಿದೆ. ಹೂಜಿಗೆ ಭಾರ ಒಂದು ಗುಣ. ಕಿವಿಯೋಲೆಗೆ ಅದೇ ದೋಷ. ತೆಳುವಾಗಿಸಿದಷ್ಟೂ ಗಾಡಿ ಕೊರೆಯಲು ದೊರೆಯುವ ಆಳ ಕಡಿಮೆಯಾಗುತ್ತದೆ. ಭಾರ ಮತ್ತು ಆಳಗಳ ನಡುವಿನ ಹದವನ್ನು ಕೈ ಅನುಭವದಿಂದಲೇ ಕಲಿಯಬೇಕು.

ನಾಲ್ಕನೆಯದಾಗಿ, ಆಭರಣವು ಮೈಗೆ ತಾಗುವ ವಸ್ತು. ಕಿವಿಯ ರಂಧ್ರದಲ್ಲಿ ಹೋಗುವ ಕೊಕ್ಕೆಯನ್ನು ಬೆಳ್ಳಿಯಲ್ಲಿ ಮಾಡುವುದು ಮೇಲು. ಹುಣಸೆ, ನಿಂಬೆ ಮುಂತಾದ ಹುಳಿ ಪದಾರ್ಥಗಳಿಂದ ಬಿದರಿ ಒಡವೆಯನ್ನು ತೊಳೆಯಬಾರದು, ಕಪ್ಪು ಪದರ ಕೆಡುತ್ತದೆ. ಬೆವರು, ನೀರು ತಾಗಿದಲ್ಲಿ ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿ, ಆಗಾಗ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು.

ಲೋಹ ಕರಗಿಸುವಾಗ ಸತುವಿನ ಹೊಗೆ ಉಸಿರಿಗೆ ಸೇರಿದರೆ ಜ್ವರ, ಕೆಮ್ಮು ಬರುತ್ತವೆ. ಕುಲುಮೆಯಿರುವ ಕೋಣೆಯಲ್ಲಿ ಗಾಳಿ ಆಡುವಂತಿರಬೇಕು, ಮಕ್ಕಳನ್ನು ದೂರವಿರಿಸತಕ್ಕದ್ದು.

ನೈಜ ಬಿದರಿಯನ್ನು ಗುರುತಿಸುವ ವಿಧಾನ

ಕಪ್ಪು ಬಣ್ಣ ಬಳಿದು ಬೆಳ್ಳಿಯಂತೆ ಹೊಳೆಯುವ ಗೆರೆಗಳನ್ನು ಅಚ್ಚೊತ್ತಿದ ವಸ್ತುವನ್ನೂ ಬಿದರಿಯೆಂದು ಮಾರಲು ಸಾಧ್ಯವಿದೆ. ಕೊಳ್ಳುವವರು ಈ ಕೆಳಕಂಡ ಅಂಶಗಳನ್ನು ಪರಿಶೀಲಿಸಬಹುದು.

- ಅಯಸ್ಕಾಂತ ಹಿಡಿದಾಗ ನೈಜ ಬಿದರಿ ಅಂಟುವುದಿಲ್ಲ. ಸತು, ತಾಮ್ರ, ಬೆಳ್ಳಿ ಮೂರೂ ಅಯಸ್ಕಾಂತಕ್ಕೆ ಅಂಟದ ಲೋಹಗಳು.
- ತಾರ್‌ಕಶಿ ಕೆಲಸದ ಮೇಲೆ ಬೆರಳಾಡಿಸಿದಾಗ ಬೆಳ್ಳಿ ಮತ್ತು ಕಪ್ಪು ಲೋಹ ಒಂದೇ ಸಮನಾಗಿ ತೋರಬೇಕು.
- ಎಣ್ಣೆ ಬಟ್ಟೆಯಿಂದ ಒರೆಸಿದರೆ ಅಥವಾ ಉಗುರಿನಿಂದ ಗೀರಿದರೆ ಕಪ್ಪು ಬಣ್ಣ ಎದ್ದು ಬರಬಾರದು.
- ಜೋಡಿ ಓಲೆಗಳ ಗೆರೆಗಳಲ್ಲಿ ಸೂಕ್ಷ್ಮ ವ್ಯತ್ಯಾಸವಿದ್ದರೆ ಅದು ದೋಷವಲ್ಲ, ಕೈಕೆಲಸದ ಗುರುತು.

ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಗಳಲ್ಲಿ ಬಿದರಿ ವಸ್ತುಗಳು ದೊರೆಯುತ್ತವೆ.

ಹೆಸರಿನ ರಕ್ಷಣೆ: ಭೌಗೋಳಿಕ ಸೂಚಕ

ಭೌಗೋಳಿಕ ಸೂಚಕಗಳ ಕಾಯ್ದೆ 1999ರಲ್ಲಿ ರೂಪುಗೊಂಡು 2003ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದಿದೆ. ಬಿದರಿ ಕಲೆಗೆ ಈ ಕಾಯ್ದೆಯ ಅಡಿಯಲ್ಲಿ 2006ರಲ್ಲಿ ನೋಂದಣಿ ದೊರೆಯಿತು. ನೋಂದಣಿ ಕಚೇರಿಯು ಚೆನ್ನೈಯಲ್ಲಿದೆ. ನೋಂದಣಿಯ ಅವಧಿ 10 ವರ್ಷಗಳು, ಅದನ್ನು ನವೀಕರಿಸಬಹುದಾಗಿದೆ.

ಕಲೆಗೆ ನೋಂದಣಿಯಾದ ಮಾತ್ರಕ್ಕೆ ಪ್ರತಿಯೊಬ್ಬ ಕುಶಲಕರ್ಮಿಯೂ ತಾನಾಗಿಯೇ ಅಧಿಕೃತ ಬಳಕೆದಾರನಾಗುವುದಿಲ್ಲ. ಉತ್ಪಾದಕರು ತಮ್ಮ ಹೆಸರಿನಲ್ಲಿ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಲು ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕು. ಈ ಹಕ್ಕನ್ನು ಮಾರಲು ಅಥವಾ ಮತ್ತೊಬ್ಬರಿಗೆ ವರ್ಗಾಯಿಸಲು ಬರುವುದಿಲ್ಲ. ಅಧಿಕೃತ ಬಳಕೆದಾರರು ಮೃತಪಟ್ಟಲ್ಲಿ ಅವರ ಹಕ್ಕು ಉತ್ತರಾಧಿಕಾರಿಗೆ ಸೇರುತ್ತದೆ. ನೋಂದಾಯಿತ ಹೆಸರನ್ನು ಸುಳ್ಳಾಗಿ ಬಳಸುವುದು ಶಿಕ್ಷಾರ್ಹ ಅಪರಾಧವಾಗಿದೆ.

ಹೊಸ ವಿನ್ಯಾಸದ ರಕ್ಷಣೆ

ಇಲ್ಲಿ ಅರ್ಜಿದಾರರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಭೌಗೋಳಿಕ ಸೂಚಕವು ಬಿದರಿ ಎಂಬ ಹೆಸರನ್ನು ಕಾಪಾಡುತ್ತದೆಯೇ ಹೊರತು ಒಬ್ಬ ಕಲಾವಿದ ಸ್ವಂತವಾಗಿ ರೂಪಿಸಿದ ಪದಕದ ಅಥವಾ ಓಲೆಯ ವಿನ್ಯಾಸವನ್ನು ಕಾಪಾಡುವುದಿಲ್ಲ. ಅದಕ್ಕೆ ವಿನ್ಯಾಸಗಳ ಕಾಯ್ದೆ 2000ರ ಅಡಿಯಲ್ಲಿ ಬೇರೆಯೇ ನೋಂದಣಿ ಪಡೆಯಬೇಕು. ಈ ನೋಂದಣಿಯು ಮೊದಲು 10 ವರ್ಷಗಳಿಗೆ ದೊರೆಯುತ್ತದೆ, ಇನ್ನೂ 5 ವರ್ಷಗಳಿಗೆ ವಿಸ್ತರಿಸಬಹುದು.

ವಿನ್ಯಾಸವು ಹೊಸದಾಗಿರಬೇಕೆಂಬುದು ಮುಖ್ಯ ಷರತ್ತು. ಮೇಳದಲ್ಲಿ ಮಾರಿದ, ಚಿತ್ರ ತೆಗೆದು ಎಲ್ಲರಿಗೂ ತೋರಿಸಿದ ವಿನ್ಯಾಸವು ಸಾಮಾನ್ಯವಾಗಿ ಹೊಸದೆಂದು ಪರಿಗಣಿತವಾಗುವುದಿಲ್ಲ. ಆದ್ದರಿಂದ ಮೊದಲು ಅರ್ಜಿ, ಆಮೇಲೆ ಪ್ರದರ್ಶನ ಎಂಬ ಕ್ರಮವನ್ನು ಪಾಲಿಸತಕ್ಕದ್ದು. ಅಶ್ರಫಿ ಬುಟ್ಟಾ, ಗಸಗಸೆ ಹೂವು ಮುಂತಾದ ಪಾರಂಪರಿಕ ಚಿತ್ತಾರಗಳನ್ನಾಗಲೀ ತಯಾರಿಕೆಯ ವಿಧಾನವನ್ನಾಗಲೀ ಯಾರೂ ತಮ್ಮ ವಿನ್ಯಾಸವೆಂದು ನೋಂದಾಯಿಸಿಕೊಳ್ಳಲಾಗದು. ಅವು ಎಲ್ಲ ಕಸುಬುದಾರರ ಸಮಾನ ಸ್ವತ್ತು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯು ಕುಶಲಕರ್ಮಿಗಳಿಗೆ ಪೆಹಚಾನ್ ಗುರುತಿನ ಚೀಟಿ ನೀಡುತ್ತದೆ. ಇದು ವ್ಯಕ್ತಿಗೆ ನೀಡುವ ಚೀಟಿ, ಅಂಗಡಿಗೆ ನೀಡುವುದಲ್ಲ. ಒಂದೇ ಮನೆಯಲ್ಲಿ ಒಬ್ಬರು ಎರಕ ಹೊಯ್ದು, ಇನ್ನೊಬ್ಬರು ಕೊರೆದು, ಮತ್ತೊಬ್ಬರು ಬೆಳ್ಳಿ ಹುದುಗಿಸುತ್ತಿದ್ದಲ್ಲಿ ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲಿಯೇ ಅರ್ಜಿ ಸಲ್ಲಿಸುವುದು ಒಳಿತು. ಮನೆಯ ಯಜಮಾನರ ಹೆಸರಿನಲ್ಲಿ ಮಾತ್ರ ಚೀಟಿಯಿದ್ದರೆ ಕೆಲಸ ಮಾಡುವ ಹೆಣ್ಣುಮಕ್ಕಳ ದುಡಿಮೆ ಯಾವ ದಾಖಲೆಯಲ್ಲಿಯೂ ಕಾಣುವುದಿಲ್ಲ.

2. ಕಸುಬಿನ ಕಲಂನಲ್ಲಿ ಕೇವಲ ಆಭರಣ ತಯಾರಿಕೆ ಎಂದು ಬರೆಯದೆ ಬಿದರಿ ಲೋಹ ಕುಸುರಿ ಎಂದು ನಮೂದಿಸಿ, ತಾವು ಮಾಡುವ ಹಂತವನ್ನು ಸ್ಪಷ್ಟಪಡಿಸತಕ್ಕದ್ದು.

3. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನ ಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಅಕ್ಕಸಾಲಿಗರು ಸೇರಿದ್ದಾರೆ. ಬಿದರಿಯನ್ನು ಪ್ರತ್ಯೇಕವಾಗಿ ಹೆಸರಿಸಿಲ್ಲ. ಆದ್ದರಿಂದ ಈ ಯೋಜನೆಗೆ ಅರ್ಜಿ ಹಾಕುವ ಮುನ್ನ ಅರ್ಹತೆಯನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸುವುದು ಸೂಕ್ತ.

4. ಕೆಲಸದ ಪ್ರತಿ ಹಂತದ ಛಾಯಾಚಿತ್ರಗಳನ್ನು ತೆಗೆದಿಟ್ಟುಕೊಳ್ಳಬೇಕು. ಕೌಶಲದ ಪರಿಶೀಲನೆಯ ಸಮಯದಲ್ಲಿ ಸಿದ್ಧ ವಸ್ತುವಿಗಿಂತ ಅರ್ಧ ಮುಗಿದ ವಸ್ತುವೇ ಕೈಕೆಲಸಕ್ಕೆ ಉತ್ತಮ ಸಾಕ್ಷಿಯಾಗುತ್ತದೆ.

5. ಹೊಸ ವಿನ್ಯಾಸಗಳ ಕರಡು ಚಿತ್ರಗಳಿಗೆ ದಿನಾಂಕ ಹಾಕಿ, ಸಹಿ ಮಾಡಿ ಜೋಪಾನವಾಗಿರಿಸಿಕೊಳ್ಳತಕ್ಕದ್ದು.

6. ಆಧಾರ್, ಬ್ಯಾಂಕ್ ಪಾಸ್ ಪುಸ್ತಕ ಮುಂತಾದ ದಾಖಲೆಗಳಲ್ಲಿ ಹೆಸರಿನ ಕಾಗುಣಿತ ಒಂದೇ ರೀತಿಯಲ್ಲಿದೆಯೇ ಎಂಬುದನ್ನು ಅರ್ಜಿಗೆ ಮುನ್ನವೇ ಖಚಿತಪಡಿಸಿಕೊಳ್ಳಬೇಕು.

7. ಶುಲ್ಕ ಹಾಗೂ ನಮೂನೆಗಳು ಕಾಲಕಾಲಕ್ಕೆ ಬದಲಾಗುವುದರಿಂದ ಸಂಬಂಧಪಟ್ಟ ಕಚೇರಿಯಿಂದಲೇ ಇತ್ತೀಚಿನ ವಿವರ ಪಡೆಯುವುದು.

ಉಪಸಂಹಾರ

ಬಿದರಿಯ ಕಪ್ಪು ಬೀದರಿನ ಮಣ್ಣಿನದು, ಹೆಸರು ಬೀದರಿನ ಎಲ್ಲ ಕಸುಬುದಾರರದು, ಹಳೆಯ ಚಿತ್ತಾರಗಳು ತಲೆಮಾರುಗಳದು. ಆದರೆ ಒಂದು ಪುಟ್ಟ ಪದಕದಲ್ಲಿ ಒಂದೇ ಎಲೆಯನ್ನು ಎಲ್ಲಿ ಇರಿಸಬೇಕೆಂದು ನಿರ್ಧರಿಸಿದ ಕಣ್ಣು ಹಾಗೂ ಅದನ್ನು ಕೊರೆದ ಕೈ ಒಬ್ಬ ವ್ಯಕ್ತಿಯದು. ಮೊದಲಿನವುಗಳನ್ನು ಭೌಗೋಳಿಕ ಸೂಚಕ ಹಾಗೂ ಪರಂಪರೆ ಕಾಯುತ್ತವೆ. ಕೊನೆಯದನ್ನು ಆ ವ್ಯಕ್ತಿಯೇ ಸಕಾಲದಲ್ಲಿ ಅರ್ಜಿ ಸಲ್ಲಿಸಿ ಕಾಪಾಡಿಕೊಳ್ಳಬೇಕು. ಕುಶಲಕರ್ಮಿಗಳು ಈ ಎರಡೂ ರಕ್ಷಣೆಗಳ ಸದುಪಯೋಗ ಪಡೆದುಕೊಳ್ಳುವುದು ಅಪೇಕ್ಷಣೀಯ.